ಫ್ಲಮೆಂಕೋ ಅಂದರೆ ಸ್ಪೇನಿನ ಹಾಡು, ಗಿಟಾರ್, ಕುಣಿತದ ಕಲೆ. ತೀರಿಹೋದ ಅದರ ಕಲಾವಿದರ ಬಗ್ಗೆ ಒಂದು ಗಂಟೆ ಮಾತಾಡಬೇಕು. ಹಾಡುಗಾರ ಕಮರೋನ್ ಸಾವಿನಿಂದ ಶುರು ಮಾಡಲೋ, ಗಿಟಾರ್ ವಾದಕ ಪಾಕೋ ಸಾವಿನಿಂದಲೋ?

ಎರಡೂ ಬೇಡ. ನಾನು ಅದನ್ನೇ ಮಾಡಿ ಕೆಟ್ಟಿದ್ದೇನೆ.

ಗೆಳೆಯರ ಸಂಗೀತ ಕೂಟದಲ್ಲಿ ಮಾತಾಡಲು ಒಪ್ಪಿಕೊಂಡಿದ್ದೆ. ಎದ್ದು ನಿಂತವನೇ, ಕಮರೋನ್ ದೆ ಲಾ ಇಸ್ಲಾ 1992ರ ಜುಲೈ 2ರಂದು 41ನೇ ವಯಸ್ಸಿಗೆ ಶ್ವಾಸಕೋಶದ ಕ್ಯಾನ್ಸರ್‌ನಿಂದ ಹೋದ ಅಂದೆ. ಸಭೆ ಗಪ್‌ಚಿಪ್. ನನಗೋ ಒಳಗೊಳಗೇ ಖುಷಿ. ಆ ಖುಷಿಯೇ ಮುಳುವಾಯಿತು ನೋಡಿ. ಜನ ಸುಮ್ಮನಾದರೆ ಕೇಳುತ್ತಿದ್ದಾರೆ ಅಂದುಕೊಂಡು ಮುಂದಿನ ಸಾವಿಗೆ ಹೋದೆ: ಪಾಕೋ ದೆ ಲೂಸಿಯಾ, 2014, ಮೆಕ್ಸಿಕೋ, ಹೃದಯಾಘಾತ. ಆಮೇಲೆ 2010ರಲ್ಲಿ ಹೋದ ಹಾಡುಗಾರ ಎನ್ರಿಕೆ ಮೊರೆಂತೆ. ಆಮೇಲೆ ಮೂತ್ರಪಿಂಡ ಕೈಕೊಟ್ಟು 1963ರಲ್ಲಿ ಹೋದ ನರ್ತಕಿ ಕಾರ್ಮೆನ್ ಅಮಾಯಾ. ಹಾಡು ಹಾಕೋಣ ಅನ್ನುವಷ್ಟರಲ್ಲಿ ಟೈಮ್ ಮುಗೀತು. ಮೃದಂಗ ನುಡಿಸುವ ಹಿರಿಯರೊಬ್ಬರು "ಅದೆಲ್ಲ ಸರಿ, ಇವರ ತಾಳ ಹ್ಯಾಗೆ? ಹಾಕಿ ತೋರ್ಸು" ಅಂದರು. ಹನ್ನೆರಡು ಎಣಿಕೆ ಅಂತ ಬಾಯಲ್ಲಿ ಹೇಳಿದೆ, ಕೈಯಲ್ಲಿ ಬರಲಿಲ್ಲ. ಸತ್ತ ತಾರೀಖು ಬಾಯಿಪಾಠ, ಬದುಕಿಡೀ ಅವರು ಮಾಡಿದ ಕೆಲಸ ಮಾತ್ರ ಗೊತ್ತಿಲ್ಲ! ಆ ಕೂಟದವರು ಮತ್ತೆ ಕರೆಯಲಿಲ್ಲ. ಕರೆಯದೇ ಇದ್ದದ್ದು ಸರಿಯೇ.

ಹಾಗಾಗಿ ತಾಳದಿಂದ ಶುರು ಮಾಡಿ. ಸೋಲೆಯಾ ಅನ್ನುವ ಪ್ರಕಾರ ತಗೊಳ್ಳಿ. 12 ಎಣಿಸಿ, 3, 6, 8, 10, 12ಕ್ಕೆ ಜೋರಾಗಿ ಚಪ್ಪಾಳೆ ತಟ್ಟಿ. ಮೊದಲು ಮೂರು ಮೂರರ ನಡೆ, ಆಮೇಲೆ ಎರಡೆರಡರದ್ದು. ನಮ್ಮ ಜನಕ್ಕೆ ಆವರ್ತನ ಗೊತ್ತಲ್ವಾ, ಬೇಗ ಹಿಡಿಯುತ್ತಾರೆ. ಕೈ ಕೂತ ಮೇಲೆ ಫೆರ್ನಾಂಡಾ ದೆ ಉತ್ರೇರಾ ಹಾಡಿದ ಸೋಲೆಯಾ ಹಾಕಿ. ಒಡಕು ಗಂಟಲು, ಉಸಿರು ಇನ್ನೇನು ಮುಗಿಯಿತು ಅನ್ನುವಾಗ ಸಾಲು ಎಳೆಯುತ್ತಾಳೆ, ಆದರೂ ಎಣಿಕೆ ತಪ್ಪಲ್ಲ.

ಕಾರ್ಮೆನ್ ಅಮಾಯಾಗೆ 'ಲೋಸ್ ತರಾಂತೋಸ್' ಸಿನಿಮಾ ತೋರಿಸಿ. ಬೆರಳ ಗೆಣ್ಣಿಂದ ಮೇಜು ಬಡಿಯುತ್ತಾಳೆ, ಅಷ್ಟೇ ಸಾಕು. ಕಾಯಿಲೆ ಇಟ್ಟುಕೊಂಡೇ ನಟಿಸಿದ್ದು ಅದು, ಅದೇ ವರ್ಷ ತೀರಿಕೊಂಡಳು. ಆದರೆ ಈ ವಿಷಯ ಮೇಜಿನ ಸದ್ದು ಕೇಳಿಸಿದ ಮೇಲೆ ಹೇಳಿ, ಮೊದಲೇ ಬೇಡ.

ಕಮರೋನ್ ಬೇಕೇ ಬೇಕು ಅಂದರೆ 1979ರ 'ಲಾ ಲೆಯೆಂದಾ ದೆಲ್ ತಿಯೆಂಪೋ' ಆಲ್ಬಂ ಹಿಡಿಯಿರಿ. ಅದರಲ್ಲಿ ಸ್ಪೇನಿನ ಕವಿ ಲೋರ್ಕಾ ಪದ್ಯಗಳಿವೆ, ಡ್ರಮ್ಸ್ ಇದೆ, ಒಂದು ಲಾಲಿಯಲ್ಲಿ ಸಿತಾರ್ ಕೂಡ ಇದೆ, ಸ್ಪೇನಿನವನೇ ನುಡಿಸಿದ್ದು. ಸಂಪ್ರದಾಯಸ್ಥರು ಉರಿದುಬಿದ್ದರು, ಆಲ್ಬಂ ಆಗ ಮಾರಾಟವೂ ಆಗಲಿಲ್ಲ. ಇವತ್ತು ಅದನ್ನು ಬಿಟ್ಟು ಫ್ಲಮೆಂಕೋ ಚರಿತ್ರೆ ಬರೆಯೋಕಾಗಲ್ಲ. ನನ್ನ ಪ್ರಕಾರ ಅವನ ಕ್ಯಾನ್ಸರ್‌ಗಿಂತ ಇದು ದೊಡ್ಡ ಕಥೆ.

ಪಾಕೋ ಗಿಟಾರ್ ಬೆರಳುಗಳ ಬಗ್ಗೆ ಎಲ್ಲರೂ ಹೇಳುತ್ತಾರೆ, ನೀವು ಕಹೋನ್ ಬಗ್ಗೆ ಹೇಳಿ. ಕಲಾವಿದರು ಮೇಲೆ ಕೂತು ಬಡಿಯುವ ಆ ಮರದ ಪೆಟ್ಟಿಗೆ ಪೆರುವಿನದು. 70ರ ದಶಕದ ಕೊನೆಯಲ್ಲಿ ಅದನ್ನು ಫ್ಲಮೆಂಕೋಗೆ ತಂದವನು ಪಾಕೋ. ಈಗ ಸ್ಪೇನಿನಲ್ಲೇ ಹುಟ್ಟಿದ್ದೇನೋ ಅನ್ನಿಸುತ್ತದೆ.

ಕೊನೆಗೆ ಹಾಡುಗಾರ್ತಿ ಪಾಸ್ತೋರಾ ಪಾವೋನ್, 'ನಿನ್ಯಾ ದೆ ಲೋಸ್ ಪೇಯ್ನೆಸ್' ಅಂತ ಹೆಸರಾದವಳು. 1969ರಲ್ಲಿ ಹೋದಳು. ದಕ್ಷಿಣ ಸ್ಪೇನಿನ ಆಂಡಲೂಸಿಯಾ ಪ್ರಾಂತ್ಯದ ಸರ್ಕಾರ 1999ರಲ್ಲಿ ಅವಳ ದನಿಯನ್ನೇ ಸಂರಕ್ಷಿತ ಪರಂಪರೆ ಅಂತ ಘೋಷಿಸಿತು, ಕೋಟೆ ದೇವಸ್ಥಾನಗಳಿಗೆ ಮಾಡುವ ಹಾಗೆ. ಸ್ಪೀಕರ್ ಮಾತ್ರ ಒಳ್ಳೇದು ತಗೊಂಡು ಹೋಗಿ. ಅವಳ ರೆಕಾರ್ಡಿಂಗ್‌ಗಳು ತುಂಬಾ ಹಳೇವು, ಫೋನಲ್ಲಿ ಹಾಕಿದರೆ ಕರಕರ ಬಿಟ್ಟು ಬೇರೇನೂ ಕೇಳಿಸಲ್ಲ.