ಲೇಥ್ ಬಿಟ್ಟು ಸಿಎನ್‌ಸಿಗೆ ಬರಲು ಹಿರಿಯರು ಒಪ್ಪುತ್ತಿಲ್ಲ

ಪತ್ರ: ಹುಬ್ಬಳ್ಳಿ ಗೋಕುಲ ರಸ್ತೆಯ ಒಂದು ಮಷೀನ್ ಶಾಪಿನಲ್ಲಿ ನಾನು ಸೂಪರ್‌ವೈಸರ್. ಮಾಲಕರು ಕಂಪ್ಯೂಟರ್ ಪ್ರೋಗ್ರಾಂ ಮೇಲೆ ನಡೆಯುವ ಸಿಎನ್‌ಸಿ ಮಷೀನು ತರಿಸಿದ್ದಾರೆ, ಕಲಿಯಲು ಹದಿನೈದು ದಿನ ಕೊಟ್ಟಿದ್ದಾರೆ. ಲೋಹವನ್ನು ತಿರುಗಿಸಿ ಕಡೆಯುವ ಹಳೇ ಲೇಥ್ ಮೇಲೆ ಕೈಯಿಂದ ಕೆಲಸ ಮಾಡುವ ಹಿರಿಯರು ಹತ್ತಿರವೂ ಸುಳಿಯುತ್ತಿಲ್ಲ. ಬದಲಾವಣೆ ಕಂಡರೆ ಮಿದುಳಿನ ಅಮಿಗ್ಡಲಾ ಹೆದರುತ್ತದೆ, ಅದನ್ನು ಶಾಂತ ಮಾಡಿದರೆ ಸಾಕು ಅಂತ ಒಂದು ತರಬೇತಿಯಲ್ಲಿ ಹೇಳಿದರು. ಶಾಂತ ಮಾಡೋದು ಹೇಗೆ?

ಸಂಪಾದಕರ ಉತ್ತರ: ನಮಸ್ಕಾರ. ಆ ಅಮಿಗ್ಡಲಾ ಮಾತು ಸದ್ಯಕ್ಕೆ ಬದಿಗಿಡಿ. ಅಪಾಯ ಗುರುತಿಸಿ ಮೈಯನ್ನು ಎಚ್ಚರಿಸೋದರಲ್ಲಿ ಅದರ ಪಾತ್ರ ದೊಡ್ಡದು ನಿಜ, ಆದರೆ ಅದನ್ನೇ ಭಯದ ಕೇಂದ್ರ ಅನ್ನೋದು ಸರಿಯಲ್ಲ ಅಂತ ಅದರ ಮೇಲೆ ದಶಕಗಳ ಕಾಲ ಸಂಶೋಧನೆ ಮಾಡಿದ ಜೋಸೆಫ್ ಲೆಡೂ ಅವರೇ ಹೇಳಿದ್ದಾರೆ.

ನಿಮಗೆ ನಿಜವಾಗಿ ಬೇಕಾದ ಪ್ರಯೋಗ ಬೇರೆ ಇದೆ. 2016ರಲ್ಲಿ ಲಂಡನ್ನಿನ ವಿಜ್ಞಾನಿಗಳು 45 ಜನರಿಗೆ ಕಂಪ್ಯೂಟರಿನಲ್ಲಿ ಒಂದು ಆಟ ಆಡಿಸಿದರು. ಕಲ್ಲಿನ ಕೆಳಗೆ ಹಾವಿದೆಯೋ ಇಲ್ಲವೋ ಊಹಿಸಬೇಕು, ಹಾವಿದ್ದರೆ ಕೈಗೆ ಶಾಕ್. ಬೆವರು, ಕಣ್ಣಿನ ಪಾಪೆ ಎಲ್ಲ ಅಳೆದು ನೋಡಿದಾಗ, ಶಾಕ್ ಖಂಡಿತ ಬರುತ್ತದೆ ಅಂತ ಗೊತ್ತಿದ್ದ ಹೊತ್ತಿಗಿಂತ ಬರಬಹುದು ಬರದೇ ಇರಬಹುದು ಅನ್ನೋ ಹೊತ್ತಿನಲ್ಲೇ ಒತ್ತಡ ಜಾಸ್ತಿ ಇತ್ತು. ಈಗ ನಿಮ್ಮ ಶಾಪ್ ನೋಡಿ. ಹಳೇ ಲೇಥ್ ಉಳಿಯುತ್ತದೆಯೇ? ಓವರ್‌ಟೈಮ್ ಗತಿ ಏನು? ಯಾರನ್ನಾದರೂ ತೆಗೆಯುತ್ತಾರೆಯೇ? ಇದನ್ನು ಹಿರಿಯರಿಗೆ ಹೇಳಿದ್ದೀರಾ ಅನ್ನೋದು ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ. ತೀರ್ಮಾನ ಆಗಿದ್ದನ್ನು ನಾಳೆಯೇ ಹೇಳಿ. ಆಗದೇ ಇದ್ದದ್ದನ್ನು ಯಾವತ್ತು ಹೇಳುತ್ತೀರಿ ಅಂತ ತಾರೀಕು ಕೊಡಿ, ಕೊಟ್ಟ ತಾರೀಕಿಗೆ ಹೇಳಿ.

ಇನ್ನೊಂದು ಮಾತು, ನನಗೆ ಇದೇ ದೊಡ್ಡದು ಅನಿಸುತ್ತದೆ. ಡೇವಿಡ್ ರಾಕ್ ಅನ್ನೋ ಸಲಹೆಗಾರರು 2008ರಲ್ಲಿ, ಕೆಲಸದ ಜಾಗದಲ್ಲಿ ಜನರನ್ನು ತಟ್ಟುವ ಐದು ಸಂಗತಿ ಪಟ್ಟಿ ಮಾಡಿದರು, ಅದರಲ್ಲಿ ಮೊದಲನೆಯದೇ ಸ್ಥಾನಮಾನ. ಟೂಲ್ ಮೊಂಡಾಯಿತು ಅಂತ ಸಪ್ಪಳ ಕೇಳಿಯೇ ಹೇಳುವ ಮನುಷ್ಯ, ಇಡೀ ಶಾಪ್ ಇಷ್ಟು ವರ್ಷ ಯಾರನ್ನು ಕೇಳಿ ಜಾಬ್, ಅಂದರೆ ಕಡೆಯಬೇಕಾದ ತುಂಡು, ಮಷೀನಿಗೆ ಕಟ್ಟುತ್ತಿತ್ತೋ ಅವರು, ಈಗ ನಿನ್ನೆ ಡಿಪ್ಲೊಮಾ ಮುಗಿಸಿದ ಹುಡುಗನ ಹಿಂದೆ ಕೈಕಟ್ಟಿ ನಿಲ್ಲಬೇಕು ಅಂದರೆ ಹೇಗೆ ಬರುತ್ತಾರೆ? ನಾನಾದರೂ ಬರುವುದಿಲ್ಲ. ಸಿಎನ್‌ಸಿಗೂ ಸ್ಪೀಡ್, ಫೀಡ್ (ಟೂಲ್ ಮುಂದೆ ಸರಿಯುವ ವೇಗ), ಟೂಲ್, ಜಾಬ್ ಹಿಡಿಯುವ ರೀತಿ ಎಲ್ಲ ಬೇಕೇ ಬೇಕು ಅಲ್ವಾ? ಅದನ್ನು ಹಿರಿಯರು ಹೇಳಲಿ, ಹುಡುಗ ಪ್ರೋಗ್ರಾಂ ಹಾಕಲಿ. ಇಬ್ಬರ ಹೆಸರೂ ಆ ಕೆಲಸದ ವಿವರ ಬರೆಯುವ ಜಾಬ್ ಕಾರ್ಡಿನ ಮೇಲೆ ಇರಲಿ.

ಹದಿನೈದು ದಿನ ಸಾಲದು. ದಿನಾ ಊಟದ ಜೊತೆ ನೀರು ಕುಡಿಯುವುದು, ಹಣ್ಣು ತಿನ್ನುವುದು, ವ್ಯಾಯಾಮ ಮಾಡುವುದು ಇಂಥ ರೂಢಿಗಳು ತಾನಾಗಿಯೇ ಆಗಲು ಸುಮಾರು 66 ದಿನ ಹಿಡಿಯಿತು ಅಂತ ಲಂಡನ್ನಿನ ಇನ್ನೊಂದು ಅಧ್ಯಯನ ಹೇಳುತ್ತದೆ. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕು ಅಂತ ಅಂದಾಜು. ಅಷ್ಟರವರೆಗೆ ಹೊಸ ಮಷೀನಿನ ಮೇಲೆ ದಿನಕ್ಕೆ ಎಷ್ಟು ಪೀಸ್ ಬಂತು ಅಂತ ಲೆಕ್ಕ ಕೇಳಬೇಡಿ.

ಮಾಲಕರಿಗೆ ಜನರನ್ನು ಕಡಿಮೆ ಮಾಡುವ ಯೋಚನೆಯೇ ಇದ್ದರೆ ಈ ಯಾವುದನ್ನೂ ಮಾಡಲು ಹೋಗಬೇಡಿ. ಅದು ಮೋಸ ಆಗುತ್ತದೆ, ಹಿರಿಯರಿಗೆ ಗೊತ್ತೂ ಆಗುತ್ತದೆ. ಹಾಗಿಲ್ಲ ಅಂದರೆ ಈ ಉತ್ತರವನ್ನು ಮಾಲಕರಿಗೇ ತೋರಿಸಿ, ಗಡುವು ಹಾಕಿದವರು ಅವರು ತಾನೇ.