ಗಂಡ ಎಲ್ಲಿದ್ದಾರೆಂದೇ ಗೊತ್ತಿಲ್ಲ, ವಿಚ್ಛೇದನಕ್ಕೆ ಅರ್ಜಿ ಹಾಕಬಹುದೇ?

ನೀವು ಕೇಳಿರುವುದು ಇಷ್ಟು: ಗಂಡ ಮನೆ ಬಿಟ್ಟು ನಾಲ್ಕು ವರ್ಷವಾಯಿತು, ಫೋನ್ ಸ್ವಿಚ್ ಆಫ್, ವಿಳಾಸ ಗೊತ್ತಿಲ್ಲ, ನೀವು ತವರಿನಲ್ಲಿದ್ದೀರಿ. ಊರವರೆಲ್ಲ "ಏಳು ವರ್ಷ ತುಂಬೋವರೆಗೂ ಏನೂ ಮಾಡೋಕಾಗಲ್ಲ" ಅಂತಾರೆ, ಹೌದಾ ಅಂತ.

ಅಲ್ಲ ತಂಗಿ. ಏಳು ವರ್ಷ ಕಾಯಬೇಕಿಲ್ಲ. ನಾನು ವಕೀಲೆಯಲ್ಲ, ಅರಸೀಕೆರೆಯಲ್ಲಿ ಬ್ಲೌಸ್ ಹೊಲಿದು ಬದುಕುವವಳು. ಆದರೆ ಇದೇ ಕೇಸಿಗೆ ಮೂರು ವರ್ಷ ಕೋರ್ಟಿನ ಬೆಂಚು ಸವೆಸಿದ್ದೇನೆ, ಹಾಗಾಗಿ ಗೊತ್ತಿರುವಷ್ಟು ಬರೆಯುತ್ತೇನೆ.

ಏಳು ವರ್ಷದ ಮಾತು ಎಲ್ಲಿಂದ ಬಂತು ಅಂದರೆ, 1955ರ ಹಿಂದೂ ವಿವಾಹ ಕಾಯ್ದೆಯ 13ನೇ ಸೆಕ್ಷನ್‌ನಲ್ಲಿ ಎರಡು ಬೇರೆ ಬೇರೆ ಕಾರಣಗಳಿವೆ, ಜನ ಎರಡನ್ನೂ ಕಲಸಿಬಿಡುತ್ತಾರೆ. ಒಂದು ಪರಿತ್ಯಾಗ: ಸರಿಯಾದ ಕಾರಣವಿಲ್ಲದೆ, ನಿಮ್ಮ ಒಪ್ಪಿಗೆಯಿಲ್ಲದೆ ಬಿಟ್ಟು ಹೋಗಿ, ಅರ್ಜಿ ಹಾಕುವ ದಿನಕ್ಕೆ ಸತತವಾಗಿ ಎರಡು ವರ್ಷ ಆಗಿರಬೇಕು. ಇನ್ನೊಂದು, ಬದುಕಿದ್ದಾರೆಂಬ ಸುದ್ದಿಯೇ ಏಳು ವರ್ಷ ಇಲ್ಲದಿರುವುದು. ಈ ಎರಡನೆಯದರಲ್ಲಿ ಸುದ್ದಿ ನಿಮಗೆ ಬಂತಾ ಅನ್ನುವುದಷ್ಟೇ ಅಲ್ಲ, ಸಹಜವಾಗಿ ಯಾರ ಕಿವಿಗೆ ಬೀಳಬೇಕಿತ್ತೋ ಅವರಿಗೂ ಬಂದಿರಬಾರದು. ಅಮ್ಮನಿಗೋ ಆಪ್ತ ಗೆಳೆಯನಿಗೋ ಒಂದು ಫೋನ್ ಬಂದಿದ್ದರೆ ಅಲ್ಲಿಂದ ಮತ್ತೆ ಒಂದನೇ ವರ್ಷದ ಲೆಕ್ಕ ಶುರು.

ನನ್ನ ವಿಷಯದಲ್ಲಿ ಆಗಿದ್ದು ಹೀಗೇ. ನಮ್ಮವರು (ಇಷ್ಟೆಲ್ಲ ಆದರೂ 'ಅವನು' ಅಂತ ಬರೆಯಲು ಕೈ ಬರುವುದಿಲ್ಲ, ಅಭ್ಯಾಸ) ಲಾರಿ ಓಡಿಸುತ್ತಿದ್ದರು. 2015ರ ಯುಗಾದಿ ಆದ ವಾರಕ್ಕೆ ಎರಡು ಬ್ಯಾಗ್ ತುಂಬಿಕೊಂಡು ಹೋದವರು ವಾಪಸ್ ಬರಲಿಲ್ಲ. ಮರುವರ್ಷ ಜೊತೆಯ ಕ್ಲೀನರ್ ಒಬ್ಬನಿಗೆ ಯಾವುದೋ ನಂಬರಿನಿಂದ ಫೋನ್ ಮಾಡಿ ಹಳೇ ಬಾಕಿ ದುಡ್ಡು ಕೇಳಿದ್ದರಂತೆ. ಅಂದರೆ ಜೀವಂತ ಇದ್ದಾರೆ, ಬರುವ ಮನಸ್ಸಿಲ್ಲ. ನನ್ನ ಅರ್ಜಿ ಪರಿತ್ಯಾಗದ ಮೇಲೆ ಹೋಯಿತು. ನಿಮ್ಮದು ನಾಲ್ಕು ವರ್ಷ ಅಂದಮೇಲೆ ನಿಮಗೂ ಅದೇ ದಾರಿ. ಆದರೆ ಅವರು ಬಿಟ್ಟು ಹೋಗಿದ್ದು ಬೇಕಂತಲೇ ಅಂತ ತೋರಿಸಬೇಕಾಗುತ್ತದೆ. ಬಟ್ಟೆ, ದಾಖಲೆ ಎತ್ತಿಕೊಂಡು ಹೋದರಾ, ಜಗಳ ಆಗಿತ್ತಾ, ನೀವು ಕರೆಸಿಕೊಳ್ಳಲು ಯಾರನ್ನು ಕಳಿಸಿದ್ದಿರಿ, ಎಲ್ಲವನ್ನೂ ತಾರೀಖಿನ ಸಮೇತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಸಂಜೆ ಹಾಲು ತರಲು ಹೋದವರು ಬರಲೇ ಇಲ್ಲ ಅನ್ನುವ ಥರದ್ದಾದರೆ ಕಥೆ ಬೇರೆ, ಆಗ ಮೊದಲು ಪೊಲೀಸ್ ಠಾಣೆಯಲ್ಲಿ ಕಾಣೆಯಾದ ದೂರು ಕೊಡಬೇಕು.

ಎಲ್ಲಿ ಹಾಕುವುದು? ಹೆಂಡತಿಯಾದವಳು ತಾನು ಈಗ ಇರುವ ಜಾಗದ ಕೋರ್ಟಿನಲ್ಲೇ ಹಾಕಬಹುದು, 2003ರ ತಿದ್ದುಪಡಿಯಿಂದ ಆ ಅನುಕೂಲ ಆಗಿದೆ. ಮದುವೆಯಾದ ಊರಿಗೆ ಅಲೆಯಬೇಕಿಲ್ಲ. ನಮ್ಮ ಕಡೆಯಂತೆ ತಾಲೂಕಿನಲ್ಲಿ ಕೌಟುಂಬಿಕ ನ್ಯಾಯಾಲಯ ಇಲ್ಲದಿದ್ದರೆ ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟಿನಲ್ಲಿ ಎಂ.ಸಿ. (ವೈವಾಹಿಕ ಪ್ರಕರಣ) ನಂಬರ್ ಬೀಳುತ್ತದೆ.

ಇನ್ನು ನಿಮ್ಮ ನಿಜವಾದ ಚಿಂತೆ, ವಿಳಾಸ. ಇಲ್ಲೇ ನಾನು ಎಡವಿದ್ದು, ಸ್ವಲ್ಪ ಉದ್ದ ಹೇಳುತ್ತೇನೆ.

2019ರ ಫೆಬ್ರವರಿಯಲ್ಲಿ ಅರ್ಜಿ ಹಾಕಿದಾಗ ನನ್ನ ಮೊದಲ ವಕೀಲರು ಅಂದಿದ್ದು: "ನಿಮ್ಮ ಬಾಡಿಗೆ ಮನೆ ಅಡ್ರೆಸ್ ಒಂದೇ ಕೊಡೋಣ. ಸಮನ್ಸ್ ವಾಪಸ್ ಬರುತ್ತೆ, ಪೇಪರ್ ಪಬ್ಲಿಕೇಶನ್ ತಗೊಳ್ಳೋಣ, ಎಕ್ಸ್‌ಪಾರ್ಟಿ ಆಗಿಹೋಗುತ್ತೆ." ಎಕ್ಸ್‌ಪಾರ್ಟಿ ಅಂದರೆ ಏಕಪಕ್ಷೀಯ, ಎದುರಿನವರು ಬರದೆಯೇ ಕೇಸು ನಡೆಸುವುದು. ನಮ್ಮವರ ಹುಟ್ಟೂರು ಹಿರಿಯೂರಿನ ಹತ್ತಿರ ಅಂತ ನನಗೆ ಚೆನ್ನಾಗಿ ಗೊತ್ತಿತ್ತು, ಅತ್ತೆ ಅಲ್ಲೇ ಇದ್ದರು. ಬೇಗ ಮುಗಿಯಲಿ ಅಂತ ನಾನೂ ತಲೆಯಾಡಿಸಿದೆ. ಸಮನ್ಸ್ ವಾಪಸ್ ಬಂತು. ಪೇಪರ್ ಪ್ರಕಟಣೆಗೆ ಅರ್ಜಿ ಕೊಟ್ಟ ದಿನ ಜಡ್ಜ್ ಸಾಹೇಬರು ಫೈಲಿನಿಂದ ತಲೆ ಎತ್ತಿ ನನ್ನನ್ನೇ ಕೇಳಿದರು, "ಏನಮ್ಮಾ, ನಿಮ್ಮ ಅತ್ತೆ ಮನೆ ಯಾವೂರು?" ಹೇಳಿದೆ. "ಅಲ್ಲಿಗೆ ಯಾಕೆ ಸಮನ್ಸ್ ಕಳಿಸಿಲ್ಲ?" ವಕೀಲರು ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. ಪ್ರಕಟಣೆಯ ಅರ್ಜಿ ವಜಾ. ಐದು ತಿಂಗಳು ನೀರಿನಲ್ಲಿ ಹೋಮ.

ಆಮೇಲೆ ತಾಲೂಕು ಕಾನೂನು ಸೇವಾ ಸಮಿತಿಗೆ ಹೋದೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರನ್ನು ಉಚಿತವಾಗಿ ಕೊಡುತ್ತಾರೆ (1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ, ಸಹಾಯವಾಣಿ 15100). ಉಚಿತ ಅಂದರೆ ಕಾಟಾಚಾರ ಅಂದುಕೊಂಡಿದ್ದೆ. ಅಲ್ಲಿ ಸಿಕ್ಕ ವಕೀಲೆ ಮೇಡಂ ಮೊದಲ ದಿನವೇ ಅಂದರು: "ಅವರನ್ನ ಹುಡುಕಿಕೊಡಿ ಅಂತ ಕೋರ್ಟು ಕೇಳ್ತಿಲ್ಲ. ನೀವು ಮನಸ್ಸಿಟ್ಟು ಹುಡುಕಿದ್ದೀರಾ ಅಂತ ಕೇಳ್ತಿದೆ."

ಹುಡುಕಿದೆ. ಮತದಾರರ ಪಟ್ಟಿ ಆನ್‌ಲೈನಿನಲ್ಲೇ ಸಿಗುತ್ತದೆ, ಹೆಸರು ಇನ್ನೂ ಹಳೇ ಊರಲ್ಲೇ ಇತ್ತು, ಆ ಪುಟ ಪ್ರಿಂಟ್ ತೆಗೆಸಿದೆ. ಲಾರಿ ಮಾಲೀಕರಿಗೆ ಒಂದು ರಿಜಿಸ್ಟರ್ ಪತ್ರ ಹಾಕಿದೆ (ಈಗ ಅದು ಸ್ಪೀಡ್ ಪೋಸ್ಟ್ ಜೊತೆ ಸೇರಿದೆ, ಕಳಿಸಿದ ರಸೀದಿಯಂತೂ ಇಟ್ಟುಕೊಳ್ಳಿ). ಫೇಸ್‌ಬುಕ್ಕಿನಲ್ಲಿ ಹುಡುಕಿದೆ, 2014ರ ಒಂದು ಧರ್ಮಸ್ಥಳದ ಫೋಟೊ ಬಿಟ್ಟರೆ ಏನಿಲ್ಲ. ಆಧಾರ್ ಕಚೇರಿಯವರು ಇನ್ನೊಬ್ಬರ ವಿಳಾಸ ಕೊಡುವುದಿಲ್ಲ, ಆ ಪ್ರಯತ್ನಕ್ಕೆ ಸಮಯ ಹಾಳು ಮಾಡಬೇಡಿ.

ಅತ್ತೆ ಮನೆಗೂ ಹೋದೆ. ನಾಲ್ಕು ವರ್ಷದ ಮೇಲೆ. ಅತ್ತೆ ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದರು. ಬೈಯುತ್ತಾರೆ ಅಂದುಕೊಂಡು ಹೋದವಳಿಗೆ ಟೀ ಕಾಸಿ ಕೊಟ್ಟರು. "ಎಲ್ಲೋಗ್ಯವನೋ ನಂಗೂ ಗೊತ್ತಿಲ್ಲ ಕಣವ್ವ. ಹಬ್ಬಕ್ಕೊಂದು ಫೋನೂ ಇಲ್ಲ" ಅಂದರು. ಕೋರ್ಟಿಗೆ ಬಂದು ಇದನ್ನೇ ಹೇಳುತ್ತೀರಾ ಅಂದಿದ್ದಕ್ಕೆ ಮಾತಿಲ್ಲ, ಹುಣಸೆಬೀಜ ಒಂದೊಂದೇ ಮೊರಕ್ಕೆ ಹಾಕುತ್ತಾ ಕೂತರು. ನಾನೂ ಬಲವಂತ ಮಾಡಲಿಲ್ಲ, ಹೆತ್ತವರ ಬಾಯಲ್ಲಿ ಅದನ್ನು ಹೇಳಿಸುವುದು ನನಗೂ ಬೇಡವಾಯಿತು.

ಆದರೆ ಅವರು ಹೇಳಿಯೇ ಹೇಳಿದರು, ಸಮನ್ಸ್ ಮುಟ್ಟಿಸುವ ಕೋರ್ಟಿನ ಅಮೀನರ ಮುಂದೆ. ಹೊಸದಾಗಿ ಆ ವಿಳಾಸಕ್ಕೆ ಸಮನ್ಸ್ ತೆಗೆದುಕೊಂಡು ಹೋದ ಅಮೀನರು ಅದರ ಹಿಂಬದಿಯಲ್ಲಿ ಬರೆದ ಷರಾ ನನಗೆ ಇವತ್ತಿಗೂ ಬಾಯಿಪಾಠ: "ಸದರಿ ವಿಳಾಸಕ್ಕೆ ಹೋಗಿ ವಿಚಾರಿಸಲಾಗಿ, ಎದುರುದಾರನು ಸುಮಾರು ನಾಲ್ಕು ವರ್ಷಗಳಿಂದ ಇಲ್ಲಿ ವಾಸವಿಲ್ಲವೆಂತಲೂ, ಹಾಲಿ ವಿಳಾಸ ತಿಳಿಯದೆಂತಲೂ ಆತನ ತಾಯಿ ತಿಳಿಸಿದ ಮೇರೆಗೆ ಸಮನ್ಸ್ ಜಾರಿಯಾಗದೆ ವಾಪಸ್ಸು." ನನ್ನ ಇಡೀ ಕೇಸು ಆ ಒಂದು ವಾಕ್ಯದ ಮೇಲೆ ನಿಂತಿತು. ಅಮೀನರು ಹೋಗುವ ದಿನ ಆ ಮನೆಯಲ್ಲೋ ಪಕ್ಕದ ಮನೆಯಲ್ಲೋ ಯಾರಾದರೂ ಮಾತಾಡುವವರು ಇರುವಂತೆ ನೋಡಿಕೊಳ್ಳಿ. ಬರೀ "ಬೀಗ ಹಾಕಿದೆ" ಅಂತ ವಾಪಸ್ ಬಂದರೆ ಮತ್ತೊಂದು ಡೇಟ್.

ಆಗ ಮೇಡಂ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 5, ನಿಯಮ 20ರ ಕೆಳಗೆ ಅರ್ಜಿ ಹಾಕಿದರು. ಹುಡುಕಿದ್ದಕ್ಕೆಲ್ಲ ಪ್ರಮಾಣಪತ್ರ (ಅಫಿಡವಿಟ್), ಜೊತೆಗೆ ಪ್ರಿಂಟು, ರಸೀದಿಗಳು. ಇದರಲ್ಲಿ ಕೋರ್ಟಿನ ಗೋಡೆಗೂ ಕೊನೆಯದಾಗಿ ಇದ್ದ ಮನೆಗೂ ನೋಟಿಸ್ ಅಂಟಿಸಲು ಹೇಳಬಹುದು, ಪತ್ರಿಕೆಯಲ್ಲಿ ಹಾಕಿಸಬಹುದು. ಪತ್ರಿಕೆ ಅಂದರೆ ನಿಮ್ಮೂರಿನದಲ್ಲ, ಅವರು ಕೊನೆಯದಾಗಿ ಇದ್ದರೆಂದು ಗೊತ್ತಿರುವ ಕಡೆ ಓಡಾಡುವ ದಿನಪತ್ರಿಕೆ. ನನಗೆ ಅರಸೀಕೆರೆಯ ಬಾಡಿಗೆ ಮನೆ ಕಡೆಗೂ ಹಿರಿಯೂರಿನ ಕಡೆಗೂ ಎರಡೂ ಆವೃತ್ತಿಯಲ್ಲಿ ಹಾಕಿಸಿ ಅಂದರು. ಜಾಹೀರಾತಿನ ದುಡ್ಡು ನಮ್ಮದೇ, ಬೇರೆ ಬೇರೆ ಪತ್ರಿಕೆಯ ದರ ಕೇಳಿ ನೋಡಿ.

ಬಂದ ದಿನ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ನಾಲ್ಕು ಪ್ರತಿ ತೆಗೆದುಕೊಂಡೆ. ಕೊಳವೆಬಾವಿ ಟೆಂಡರಿಗೂ ಯಾರದೋ ಹೆಸರು ಬದಲಾವಣೆಗೂ ನಡುವೆ, ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ನನ್ನ ಸಂಸಾರ. ಅವರ ಹೆಸರು, ತಂದೆ ಹೆಸರು, ಇಂಥ ದಿನ ಬೆಳಿಗ್ಗೆ 11 ಗಂಟೆಗೆ ಹಾಜರಾಗದಿದ್ದರೆ ಏಕಪಕ್ಷೀಯವಾಗಿ ತೀರ್ಮಾನಿಸಲಾಗುವುದು ಅಂತ. ತಂದೆ ಹೆಸರಿನಲ್ಲಿ ಒಂದು ಒತ್ತು ತಪ್ಪಿತ್ತು. ಎದೆ ಧಸಕ್ಕೆಂದಿತು, ಅದೃಷ್ಟಕ್ಕೆ ಕೋರ್ಟು ಒಪ್ಪಿತು. ನೀವು ಪ್ರೂಫ್ ಕೇಳಿ ತರಿಸಿಕೊಂಡು ಓದಿ, ಮತ್ತು ತುಂಡು ಕತ್ತರಿಸಿ ಇಡಬೇಡಿ, ಇಡೀ ಪತ್ರಿಕೆ ಬೇಕು.

ಆ ದಿನ ಕೋರ್ಟಿನ ಬಾಗಿಲಲ್ಲಿ ನಿಂತು ಅವರ ಹೆಸರನ್ನು ಮೂರು ಸಲ ಕೂಗಿದರು. ಮೂರನೇ ಸಲ ಕೂಗುವಾಗ ನಾನೂ ತಿರುಗಿ ನೋಡಿದೆ, ಸುಳ್ಳು ಹೇಳುವುದಿಲ್ಲ.

ಏಕಪಕ್ಷೀಯ ಅಂದ ತಕ್ಷಣ ಡಿಕ್ರಿ (ವಿಚ್ಛೇದನದ ತೀರ್ಪು) ಕೈಗೆ ಬರುವುದಿಲ್ಲ. ಎದುರಿಗೆ ಯಾರೂ ಇಲ್ಲದಿದ್ದರೂ ನೀವು ಹೇಳುವುದು ನಿಜ ಅಂತ ಜಡ್ಜ್‌ಗೆ ಮನವರಿಕೆ ಆಗಲೇಬೇಕು, ಕಾಯ್ದೆಯ 23ನೇ ಸೆಕ್ಷನ್ ಹಾಗೇ ಹೇಳುತ್ತದೆ. ನಾನು ಕಟಕಟೆ ಹತ್ತಿ ಹೇಳಿಕೆ ಕೊಟ್ಟೆ. ಎರಡನೇ ಸಾಕ್ಷಿಯಾಗಿ ಬಾಡಿಗೆ ಮನೆಯ ಎದುರಿನವರು ಬಂದರು, ಬ್ಯಾಗ್ ಹಿಡಿದು ಹೋಗಿದ್ದನ್ನು ಕಂಡವರು. ಸಾಕ್ಷ್ಯಕ್ಕೆ ಏಪ್ರಿಲ್ 2020ರಲ್ಲಿ ಡೇಟ್ ಕೊಟ್ಟಿದ್ದರು, ಅಷ್ಟರಲ್ಲಿ ಲಾಕ್‌ಡೌನ್ ಬಂತು. ಡಿಕ್ರಿ ಆಗಿದ್ದು 2022ರ ಜನವರಿಯಲ್ಲಿ. ನಿಮಗೆ ಅಷ್ಟು ಹಿಡಿಯಲಿಕ್ಕಿಲ್ಲ.

ವಿಳಾಸ ಗೊತ್ತಿದ್ದೂ ಮುಚ್ಚಿಡಬೇಡಿ ಅಂತ ನಾನು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣ ಇದೆ. ಅವರು ಮುಂದೆ ಯಾವತ್ತೋ ಬಂದು ಡಿಕ್ರಿ ರದ್ದು ಮಾಡಿ ಅಂತ ಕೇಳಬಹುದು. ಅದಕ್ಕೆ 30 ದಿನದ ಗಡುವು ಇದೆ. ಆದರೆ ಪತ್ರಿಕೆ ಮೂಲಕ ನೋಟಿಸ್ ಆಗಿದ್ದರೆ ಆ 30 ದಿನ ಎಣಿಸುವುದು ಡಿಕ್ರಿಯಾದ ದಿನದಿಂದಲ್ಲ, ಅವರಿಗೆ ಡಿಕ್ರಿ ವಿಷಯ ಗೊತ್ತಾದ ದಿನದಿಂದ. ಆಗ "ನನ್ನ ಅಡ್ರೆಸ್ ಇವಳಿಗೆ ಗೊತ್ತಿತ್ತು" ಅಂತ ಅವರು ತೋರಿಸಿಬಿಟ್ಟರೆ ಕಟ್ಟಿದ್ದೆಲ್ಲ ಕುಸಿಯುತ್ತದೆ. ಇನ್ನೊಂದು ಮದುವೆ ಆಗುವ ಯೋಚನೆ ಇದ್ದರೆ ಮೇಲ್ಮನವಿಯ ಅವಧಿ ಮುಗಿಯುವವರೆಗೂ ತಡೆಯಿರಿ, ಹಿಂದೂ ವಿವಾಹ ಕಾಯ್ದೆಯಲ್ಲಿ ಅದು 90 ದಿನ.

ಛಾಪಾಕಾಗದದ ಮೇಲೆ "ಬಿಡುಗಡೆ ಪತ್ರ" ಬರೆದು ನೋಟರಿ ಮಾಡಿಸಿದರೆ ಸಾಕು ಅನ್ನುವವರು ತಾಲೂಕು ಕಚೇರಿ ಮುಂದೆ ಸಿಕ್ಕೇ ಸಿಗುತ್ತಾರೆ. ನೀವೊಬ್ಬರೇ ಸಹಿ ಹಾಕಿದ ಅಂಥ ಕಾಗದದಿಂದ ಮದುವೆ ಮುರಿಯುವುದಿಲ್ಲ. "ಇವರಿಗೂ ನನಗೂ ಸಂಬಂಧವಿಲ್ಲ" ಅಂತ ನೀವೇ ಪೇಪರಿನಲ್ಲಿ ಹಾಕಿಸಿದರೂ ಅಷ್ಟೇ.

ನಾನು ಹೇಳಿದ್ದೆಲ್ಲ ಹಿಂದೂ ಮದುವೆಗೆ. ನನ್ನ ಅಂಗಡಿಯಲ್ಲಿ ಕಾಜಾ ಹಾಕುವ ಹುಡುಗಿಯ ಅಕ್ಕನಿಗೆ 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆಯಲ್ಲಿ ಆಯಿತು. ಅಲ್ಲಿ ಗಂಡನ ಸುಳಿವು ನಾಲ್ಕು ವರ್ಷ ಇಲ್ಲದಿದ್ದರೆ ಸಾಕು, ಆದರೆ ಡಿಕ್ರಿ ಜಾರಿಗೆ ಬರುವುದು ಆರು ತಿಂಗಳ ನಂತರ.

ಮಗುವಿನ ವಿಷಯ ನೀವು ಬರೆದಿಲ್ಲ. ಇದ್ದರೆ ಕಸ್ಟಡಿಯನ್ನು ಇದೇ ಅರ್ಜಿಯಲ್ಲಿ ಕೇಳಿ. ಜೀವನಾಂಶ ಈಗ ಯಾರಿಂದ ವಸೂಲಿ ಮಾಡುತ್ತೀರಿ? ಆದರೆ ಡಿಕ್ರಿಯಾದ ಮೇಲೂ ಯಾವಾಗ ಬೇಕಾದರೂ 25ನೇ ಸೆಕ್ಷನ್ ಕೆಳಗೆ ಕೇಳಲು ಅವಕಾಶವಿದೆ, "ನನಗೆ ಏನೂ ಬೇಡ" ಅಂತ ಬರೆದುಕೊಡಬೇಡಿ.

ಕಾನೂನು ಸೇವಾ ಸಮಿತಿಗೆ ಹೋಗುವಾಗ ಲಗ್ನಪತ್ರಿಕೆ, ತಾಳಿ ಕಟ್ಟುವಾಗಿನ ಒಂದು ಫೋಟೊ, ನಿಮ್ಮ ಆಧಾರ್, ಅವರ ಯಾವುದಾದರೂ ಹಳೇ ಗುರುತಿನ ಚೀಟಿಯ ಜೆರಾಕ್ಸ್ ಇಟ್ಟುಕೊಂಡು ಹೋಗಿ. ಫೋಟೊ ನಾನು ಹರಿದು ಹಾಕಿದ್ದೆ. ಕೊನೆಗೆ ಸ್ಟುಡಿಯೋದವನ ಹಳೇ ಸಿ.ಡಿ. ಹುಡುಕಿಸಿ ಮತ್ತೆ ಪ್ರಿಂಟ್ ಹಾಕಿಸಬೇಕಾಯಿತು.