ಟೀಚರ್ ಟ್ರೈನಿಂಗ್ ಪ್ಲೇಸ್‌ಮೆಂಟ್‌ಗೆ ಸ್ಕೂಲ್ ಬದ್ಲು ಹೊರಾಂಗಣ ಪ್ರೋಗ್ರಾಂ ಸಿಕ್ಕಿದೆ, ಸ್ಕೂಲ್ ಅರ್ಧಕ್ಕೇ ಬಿಡೋ ಹಂತದಲ್ಲಿರೋ ಮಕ್ಕಳು ಬರ್ತಾರಂತೆ, ಅಲ್ಲಿ ಏನು ಕಲಿಸೋದು?

ಕ್ಲಾಸ್‌ರೂಮ್ ಇಲ್ಲ ಅಂದ ಮಾತ್ರಕ್ಕೆ ಪಾಠ ಇಲ್ಲ ಅಂತೇನಿಲ್ಲ. ಬೆಟ್ಟ, ಕಡಲು ಅಂತ ಹೊರಗೆ ಕರ್ಕೊಂಡು ಹೋಗಿ ಕಲಿಸೋದು ಹೊಸ ಐಡಿಯಾನೂ ಅಲ್ಲ, ಶಿಕ್ಷಣತಜ್ಞ ಕರ್ಟ್ ಹಾನ್ ಅವ್ರ ಔಟ್‌ವರ್ಡ್ ಬೌಂಡ್ ಅನ್ನೋ ಹೊರಾಂಗಣ ಶಾಲೆ 1941ರಲ್ಲೇ ವೇಲ್ಸ್‌ನಲ್ಲಿ ಶುರುವಾಗಿತ್ತು.

ಗಣಿತಾನೇ ತಗೊಳ್ಳಿ. 1:25,000 ಮ್ಯಾಪ್‌ನಲ್ಲಿ 4 ಸೆಂಟಿಮೀಟರ್ ಅಂದ್ರೆ ನೆಲದ ಮೇಲೆ 1 ಕಿಲೋಮೀಟರ್, ಕತ್ತಲಾಗೋದ್ರೊಳಗೆ ಟೆಂಟ್ ಜಾಗ ಮುಟ್ತೀವಾ ಅಂತ ಅವ್ರೇ ದಾರಿ ಮೇಲೆ ದಾರ ಇಟ್ಟು ಅಳೆದು ಲೆಕ್ಕ ಹಾಕ್ಲಿ, ಅನುಪಾತ ಅಂದ್ರೆ ಮುಖ ತಿರುಗಿಸೋ ಹುಡುಗಾನೂ ಇಲ್ಲಿ ಬಗ್ಗಿ ನೋಡ್ತಾನೆ ಯಾಕಂದ್ರೆ ನಡೆಯೋ ಕಾಲು ಅವನದ್ದೇ.

ನಿಜವಾದ ಕಷ್ಟ ಬೇರೆ. ಬಂಡೆ ಹತ್ತೋ ಟೈಮಲ್ಲಿ ಒಬ್ಬ ಹಾರ್ನೆಸ್ (ಹಗ್ಗ ಸಿಕ್ಕಿಸೋಕೆ ಸೊಂಟಕ್ಕೆ ಕಟ್ಕೊಳ್ಳೋ ಪಟ್ಟಿ) ಬಿಸಾಕಿ "ನಾನು ಬರಲ್ಲ" ಅಂತ ಕೂತ್ಕೊಂಡ ಅಂದ್ಕೊಳ್ಳಿ. ಎಲ್ಲರ ಮುಂದೆ ಒತ್ತಾಯ ಮಾಡಿದ್ರೋ, ಕಥೆ ಮುಗೀತು. ಹತ್ತೋದು ಬೇಡ, ಹಗ್ಗ ಸುತ್ತಿಡೋದು ನಿಂದು ಅಂತ ಮರ್ಯಾದೆ ಇರೋ ಕೆಲ್ಸ ಕೊಡಿ. ಸುರಕ್ಷತೆ ವಿಷ್ಯದಲ್ಲಿ ಮಾತ್ರ ಚೌಕಾಸಿ ಬೇಡ, ಹಗ್ಗ, ಗಂಟು ಚೆಕ್ ಮಾಡೋದು ತರಬೇತಿ ಆಗಿರೋ ಇನ್‌ಸ್ಟ್ರಕ್ಟರ್ ಕೆಲ್ಸ, ನಿಮ್ದಲ್ಲ.

ಸಂಜೆ ಎಲ್ರನ್ನೂ ಕೂರಿಸಿ ಏನಾಯ್ತು, ಯಾಕಾಯ್ತು, ನಾಳೆ ಏನು ಬದಲಾಯಿಸೋಣ ಅಂತ ಕೇಳಿ, ಇದನ್ನ ಬಿಟ್ರೆ ಅದು ಬರೀ ಪಿಕ್ನಿಕ್ (ನನ್ನ ಅಭಿಪ್ರಾಯ). ನಡೀತಾ ನಡೀತಾ ಯಾರಾದ್ರೂ ಮನೇಲಿ ಹೊಡೀತಾರೆ ಅಂತ ಹೇಳ್ಕೊಂಡ್ರೆ "ಯಾರಿಗೂ ಹೇಳಲ್ಲ" ಅಂತ ಮಾತು ಕೊಡ್ಬೇಡಿ, ಅವತ್ತೇ ಸೂಪರ್‌ವೈಸರ್‌ಗೆ ತಿಳಿಸಿ.

ಮತ್ತೆ ನಿಮ್ಮ ಪಾಠ ನೋಡಿ ಮಾರ್ಕ್ಸ್ ಕೊಡೋರ ಹತ್ರ ಮೊದ್ಲೇ ಮಾತಾಡಿ, ಬೋರ್ಡ್ ಬಳಕೆ ಅಂತ ಕಾಲಂ ಇದ್ರೆ ಅಲ್ಲಿ ಏನು ಬರೀತಾರೆ ಅಂತ.